ದಾರ ಕಟ್ಟಿದ ಹೆಡ್ಡಿಂಗು

ಸೀಸದ ಅಚ್ಚುಮೊಳೆ ಜೋಡಿಸುವ ಕಾಲದ ಪ್ರೆಸ್ಸು ಹೇಗಿತ್ತು ಅಂತ ಯಾರಾದರೂ ಕೇಳಿದರೆ ವನಜಮ್ಮನ ಮುಖ ಈಗಲೂ ಅರಳುತ್ತದೆ. ಮಸಿ, ಸೀಮೆಎಣ್ಣೆ, ಪಕ್ಕದ ಹೋಟೆಲಿನ ಚಿತ್ರಾನ್ನ, ಮೂರೂ ಬೆರೆತ ಆ ವಾಸನೆ ಕಂಪ್ಯೂಟರಿಗೆ ಎಲ್ಲಿಂದ ಬರಬೇಕು! ಗುಬ್ಬಿ ಕಡೆಯ ತೆಂಗಿನ ತೋಟದ ಮನೆಯ ಮಗಳು, ಮದುವೆಯಾಗಿ ಕ್ಯಾತ್ಸಂದ್ರಕ್ಕೆ ಬಂದವಳು, ತುಮಕೂರಿನ ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷ ಅಕ್ಷರ ಜೋಡಿಸಿದಳು. ಕಣ್ಣು ಮುಚ್ಚಿಕೊಂಡೇ ಬೇಕಾದ ಖಾನೆಗೆ ಕೈ ಹಾಕುತ್ತಿದ್ದಳು. ಸಂಪಾದಕ ಶಿವರಾಮಯ್ಯನವರದು ಬಾಯಿ ಜೋರು, ಮನಸ್ಸು ಮೆತ್ತಗೆ. ಹಬ್ಬ ಬಂತೆಂದರೆ ಎಲ್ಲರಿಗೂ ಮನೆಯಿಂದ ಒಬ್ಬಟ್ಟು ತರಿಸುತ್ತಿದ್ದರು.

ಆ ಪ್ರೆಸ್ಸಿನಲ್ಲೊಂದು ಪದ್ಧತಿಯಿತ್ತು. ಪದೇ ಪದೇ ಬೇಕಾಗುವ ಹೆಡ್ಡಿಂಗನ್ನು ಒಮ್ಮೆ ಜೋಡಿಸಿದ ಮೇಲೆ ಬಿಚ್ಚುತ್ತಿರಲಿಲ್ಲ. ದಾರ ಸುತ್ತಿ ಕಟ್ಟಿ ಹಲಗೆಯ ಮೇಲಿಡುತ್ತಿದ್ದರು. ಬೇಕಾದಾಗ ಎತ್ತಿ ಕೂರಿಸಿದರಾಯಿತು. ಕೊಬ್ಬರಿ ಧಾರಣೆಗೊಂದು, ಮಳೆಗೊಂದು. ಹೆಂಗಸರಿಗಂತೂ ಸಾಲಿಗೆ ಸಾಲೇ ಇತ್ತು: 'ಮಾಯಾಂಗನೆಯ ಕೈಚಳಕ', 'ಪ್ರಿಯಕರನ ಜೊತೆ ಸೇರಿ ಕೃತ್ಯ', 'ವಿಷಕನ್ಯೆಯ ಸೆರೆ'. ಗಂಡಸು ಏನೇ ಮಾಡಿರಲಿ, ಅವನಿಗೆ 'ವ್ಯಕ್ತಿಯ ಬಂಧನ', ಅದೊಂದೇ.

ಹಾಗಂತ ಎಲ್ಲ ಹೆಂಗಸರಿಗೂ ಒಂದೇ ನ್ಯಾಯ ಅಂದುಕೊಳ್ಳಬೇಡಿ. ಗುಬ್ಬಿಯ ಕೊಬ್ಬರಿ ಮಂಡಿಯವರ ಮನೆಯಾಕೆ ಕೆಲಸದ ಹುಡುಗಿಗೆ ಬರೆ ಹಾಕಿದ ಕೇಸು ಬಂದಾಗ 'ಗೃಹಿಣಿಯ ಮೇಲೆ ದೂರು' ಅಂತ ಮೂರು ಸಾಲು ಬಂತು. ಹೆಸರಿಲ್ಲ, ಬೀದಿಯಿಲ್ಲ. ಅದನ್ನು ಜೋಡಿಸಿದ್ದೂ ವನಜಮ್ಮನೇ. ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ.

ತೊಂಬತ್ಮೂರರಲ್ಲಿ ಒಂದು ಮಧ್ಯಾಹ್ನ, ಕುಣಿಗಲ್ ವರದಿಗಾರ ಬಸ್ ಕಂಡಕ್ಟರ್ ಕೈಲಿ ಕಳಿಸುವ ಕವರು ತಡವಾಗಿ ಬಂತು. ಹುತ್ರಿದುರ್ಗದ ಬುಡದ ಹಳ್ಳಿಯೊಂದರ ಸುದ್ದಿ. ಕದರಮ್ಮ ಎಂಬಾಕೆ ಅಲ್ಲಿನ ಅಂಗನವಾಡಿ ಸಹಾಯಕಿ. ಸಂಜೆ ಹೊತ್ತು ಊರ ದೊಡ್ಡವರ ಮನೆಯಲ್ಲಿ ಕೆಲಸಕ್ಕೆ ಹೋಗುವವಳು. ಆ ಮನೆಯ ಮುದುಕಿ ಉಂಡು ಮಲಗಿದವಳು ಏಳಲಿಲ್ಲ. ಪೊಲೀಸರು ಕದರಮ್ಮನನ್ನು ವಿಚಾರಣೆಗೆ ಕರೆದೊಯ್ದಿದ್ದಾರೆ, ಇಷ್ಟೇ. ಜೊತೆಗೆ ಅವಳು ದಲಿತರ ಕಾಲೋನಿಯವಳು, ಗಂಡ ಬಿಟ್ಟವಳು ಅಂತಲೂ ಬರೆದಿತ್ತು. ಮಿಷನ್ನು ಕಾಯುತ್ತಿತ್ತು, ಶಿವರಾಮಯ್ಯ ಕೂಗಾಡುತ್ತಿದ್ದರು. ವನಜಮ್ಮ ಕೈ ಚಾಚಿ 'ವಿಷಕನ್ಯೆಯ ಸೆರೆ' ಎತ್ತಿ ಕೂರಿಸಿಬಿಟ್ಟಳು. ಹಾಕು ಅಂತ ಯಾರೂ ಹೇಳಿರಲಿಲ್ಲ. ಬೇಡ ಅಂತಲೂ ಯಾರೂ ಅನ್ನಲಿಲ್ಲ.

ಮೂರು ವರ್ಷದ ಮೇಲೆ ಕದರಮ್ಮ ಪ್ರೆಸ್ಸಿನ ಬಾಗಿಲಿಗೇ ಬಂದಳು. ಮುದುಕಿಯ ಹೊಟ್ಟೆಯಲ್ಲಿ ವಿಷವೇ ಇರಲಿಲ್ಲವೆಂದು ವರದಿ ಬಂದು, ಕೋರ್ಟು ಅವಳನ್ನು ಬಿಟ್ಟಿತ್ತು.

"ಕೆಲ್ಸಕ್ಕೆ ವಾಪಸ್ ತಗಂಡವ್ರೆ ಸ್ವಾಮಿ," ಅಂದಳು ಶಿವರಾಮಯ್ಯನವರಿಗೆ. "ಆದ್ರೆ ನಾನ್ ಮಾಡಿದ್ ಉಪ್ಪಿಟ್ಟು ತಿನ್ನಕ್ಕೆ ಒಂದ್ ಮಗೂನೂ ಕಳಿಸ್ತಿಲ್ಲ. ಒಂದ್ ತಿಂಗ್ಳು ನೋಡ್ತೀವಿ, ಮಕ್ಳು ಬರ್ಲಿಲ್ಲ ಅಂದ್ರೆ ತೆಗೀತೀವಿ ಅಂದವ್ರೆ. ಕೋರ್ಟ್ ಕಾಗ್ದ ಯಾರೂ ನೋಡಲ್ಲ. ನಿಮ್ ಪೇಪರ್ ಎಲ್ರೂ ನೋಡವ್ರೆ. ಅದ್ರಾಗೇ ಹಾಕಿ."

"ಕೋರ್ಟು ಬಿಟ್ಟಿದ್ದೆಲ್ಲ ಸುದ್ದಿ ಅಲ್ಲ ಕಣಮ್ಮ," ಅಂದರು ಅವರು.

"ನಾಕ್ ಸಾಲಾದ್ರೂ ಕೊಡಿ ಸಾರ್," ಅಂತ ವನಜಮ್ಮ ಪಟ್ಟು ಹಿಡಿದಳು. ಹದಿನಾಲ್ಕು ವರ್ಷದಲ್ಲಿ ಅವಳು ಎದುರು ಮಾತಾಡಿದ್ದು ಅದೊಂದು ಸಲ. ಮೂರನೇ ಪುಟದ ಮೂಲೆ ಸಿಕ್ಕಿತು. ಹಲಗೆಯ ಮೇಲೆ ಹುಡುಕಿದರೆ ತಪ್ಪು ಮಾಡದ ಹೆಂಗಸಿಗೆ ಅಂತ ಕಟ್ಟಿಟ್ಟ ಹೆಡ್ಡಿಂಗು ಒಂದೂ ಇರಲಿಲ್ಲ. ಒಂದೊಂದೇ ಮೊಳೆ ಆರಿಸಿ ಜೋಡಿಸುವಾಗ ಅವಳ ಕಣ್ಣು ತುಂಬಿ ಬಂತು.

ಆ ಪೇಪರು ಹಿಡಿದು ಶನಿವಾರ, ತನ್ನ ವಾರದ ರಜೆಯ ದಿನ, ತಾನೇ ಆ ಹಳ್ಳಿಗೆ ಹೋದಳು. ಅಂಗನವಾಡಿ ಮುಂದೆ ಹೆಂಗಸರನ್ನು ನಿಲ್ಲಿಸಿಕೊಂಡು ಓದಿದಳು. "ಅವತ್ತು ವಿಷಕನ್ಯೆ ಅಂತ ಹಾಕಿದ್ದೂ ನಾನೇ ಕಣ್ರವ್ವ. ತಪ್ಪು ನಂದು," ಅಂದಳು.

ದೊಡ್ಡಗಂಗಮ್ಮ ಎಂಬ ಅಜ್ಜಿ ಮೂಗು ಮುರಿದಳು. "ಆಗ್ಲೂ ನೀವೇ ಬರುದ್ರಿ, ಈಗ್ಲೂ ನೀವೇ ಬರುದ್ರಿ. ನಾವ್ ಯಾವುದ್ನ ನಂಬನ?" ಮೊಮ್ಮಗಳ ಕೈ ಹಿಡಿದು ಹೊರಟೇಬಿಟ್ಟಳು. ಉಳಿದವರೂ ಹಿಂದೆ ಹೋದರು.

ವನಜಮ್ಮ ತಟ್ಟೆ ತಗೊಂಡು ಬಾಗಿಲಲ್ಲೇ ಕೂತು, ಬೀದಿಗೆಲ್ಲ ಕಾಣುವ ಹಾಗೆ ಕದರಮ್ಮನ ಉಪ್ಪಿಟ್ಟು ತಿಂದಳು. ಕಾಲೋನಿಯವರು ಮಾಡಿದ್ದನ್ನು ಅವಳು ತಿಂದದ್ದು ಅದೇ ಮೊದಲು. ಅದನ್ನು ಹೇಳುವಾಗ ಈಗಲೂ ನಾಚಿಕೆಪಡುತ್ತಾಳೆ.

ಮುಂದಿನ ಶನಿವಾರವೂ ಹೋದಳು, ಅದರ ಮುಂದಿನ ವಾರವೂ. "ಉಪ್ಪಿಟ್ಟು ತಿನ್ನಕ್ಕೆ ಕುಣಿಗಲ್ ಬಸ್ಸಾ?" ಅಂತ ಗಂಡ ಅಣಕಿಸಿದ. ಆ ಬಸ್ಸಿನ ಕಿಟಕಿ, ಕುಣಿಗಲ್ ಕೆರೆಯ ಮೇಲಿಂದ ಬರುತ್ತಿದ್ದ ತಂಪು ಗಾಳಿ, ಬಾಗಿಲಲ್ಲಿ ಕೂತು ಕದರಮ್ಮನ ಜೊತೆ ಆಡಿದ ಮಾತು, ಎಲ್ಲವೂ ಅವಳಿಗೆ ನಿನ್ನೆಯದರ ಹಾಗಿದೆ. ಮಕ್ಕಳು ಮಾತ್ರ ಬರಲಿಲ್ಲ.

ನಾಲ್ಕನೇ ಶನಿವಾರ. ಗಡುವಿಗೆ ಇನ್ನೆರಡೇ ದಿನ. ದೊಡ್ಡಗಂಗಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನಿಂತು, ತಿನ್ನುತ್ತಿದ್ದ ವನಜಮ್ಮನನ್ನು ಅಡಿಯಿಂದ ಮುಡಿವರೆಗೂ ನೋಡಿದಳು. ಆಮೇಲೆ ಮೊಮ್ಮಗಳನ್ನು ಮುಂದಕ್ಕೆ ನೂಕಿದಳು.

"ನಾಕ್ ವಾರದಿಂದ ತಿಂತಾವ್ಳೆ ಈಯಮ್ಮ, ಗುಂಡ್‌ಕಲ್ಲಂಗೆ ಅವ್ಳೆ. ಹಾಕವ್ವ ಕದ್ರಿ, ನಮ್ ಮಗೀಗೂ ಒಂಚೂರು."