ಬೋಟ್ ಮೋಟರಿನ ಹದ

ಮರ್ಫಿ ಟೌನಿನ ಸಂಜೀವಪ್ಪನಿಗೆ ಕಿವಿ ಮಂದವಾಗಿ ಎರಡು ವರ್ಷವಾಯಿತು. ಒಪ್ಪಿಕೊಳ್ಳುವ ಆಸಾಮಿಯೇ ಅವನು? "ಈಗಿನ ಜನ ಬಾಯೊಳಗೇ ಮಾತಾಡ್ತಾರೆ" ಎಂದು ಊರಿನವರ ಮೇಲೇ ತಪ್ಪು ಹೊರಿಸುತ್ತಿದ್ದ.

ಒಂದು ಕಾಲದಲ್ಲಿ ಹಲಸೂರು ಕೆರೆಯಲ್ಲಿ ಮೋಟರ್ ಬೋಟ್ ಓಡಿಸುತ್ತಿದ್ದವನು. ಏನು ಜಂಬ, ಏನು ದಿನಗಳವು! ಆಗ ಇಷ್ಟೊಂದು ಟ್ರಾಫಿಕ್ ಎಲ್ಲಿತ್ತು? ಸಂಜೆ ಕೊನೆಯ ರೌಂಡಿನ ಸದ್ದು ಮನೆತನಕ ಬರುತ್ತಿತ್ತು. ಅದು ಕಿವಿಗೆ ಬಿದ್ದದ್ದೇ ತಡ, ಹೆಂಡತಿ ವೆಂಕಟಮ್ಮ ಮುದ್ದೆಗೆ ಎಸರಿಡುತ್ತಿದ್ದಳು.

ಬೋಟು ಲಡ್ಡಾಗಿ ಹೋದಮೇಲೆ ಮಾಲೀಕರು ಅದರ ಮೋಟರನ್ನು ಇವನಿಗೇ ಕೊಟ್ಟರು. ಅಂದಿನಿಂದ ಅದು ಜಗಲಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು.

"ಭಾನುವಾರದೊಳಗೆ ಅದು ಓಡ್ಬೇಕು. ಇಲ್ಲಾಂದ್ರೆ ಗುಜರಿಗೆ ಹಾಕ್ಬಿಡ್ತೀನಿ ನೋಡ್ರೀ!" ಎಂದು ವೆಂಕಟಮ್ಮ ಕೂಗಿದಳು. ಈ ಮಾತು ಮಾತ್ರ ಅವನಿಗೆ ಚೆನ್ನಾಗಿ ಕೇಳಿಸಿತು.

ಕಾರ್ಬುರೇಟರ್ ಬಿಚ್ಚಿದ. ಒಳಗೆ ಹಳೆಯ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಥಿನ್ನರಿನಲ್ಲಿ ನೆನೆಸಿ, ಮುಚ್ಚಿಹೋದ ತೂತುಗಳನ್ನು ತಂತಿಯೆಳೆಯಿಂದ ಬಿಡಿಸಿದ. ತೇಲಬೇಕಾದ ಬೆಂಡು ಪೆಟ್ರೋಲು ಕುಡಿದು ಮುಳುಗುತ್ತಿತ್ತು, ಹೊಸದನ್ನು ಕೆತ್ತಿ ಕೂರಿಸಿದ. ಶಿವಾಜಿನಗರದಿಂದ ತಂದ ಹಾಳೆಯಲ್ಲಿ, ಪೆಟ್ರೋಲು ಸೋರದಂತೆ ನಡುವೆ ಕೂರಿಸಲು ಗ್ಯಾಸ್ಕೆಟ್ ಕತ್ತರಿಸಿದ. ಕೈ ಏನನ್ನೂ ಮರೆತಿರಲಿಲ್ಲ.

ಭಾನುವಾರ ಸಂಜೆ ಮೋಟರನ್ನು ಅದರ ಫ್ಯಾನು ಮುಳುಗುವಷ್ಟು ನೀರಿನ ಡ್ರಮ್ಮಿಗೆ ಇಳಿಬಿಟ್ಟು, ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಹೊಗೆ ಕಾರಿತು, ಗಡಗಡ ನಡುಗಿತು, ನಿಂತೇಹೋಯಿತು. ಗಾಳಿಗೂ ಪೆಟ್ರೋಲಿಗೂ ಹದ ಕೂರಿಸಲು ಒಂದು ಪುಟ್ಟ ಸ್ಕ್ರೂ ಇದೆ. ಅದನ್ನು ಸದ್ದು ಕೇಳಿಯೇ ತಿರುಗಿಸಬೇಕು. ಪಾಪ, ಮತ್ತೆ ಮತ್ತೆ ಹಗ್ಗ ಎಳೆದು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಅವನಿಗೆ ಎಲ್ಲವೂ ಒಂದೇ ಗುಂಯ್. ಡ್ರಮ್ಮಿನ ಪಕ್ಕದಲ್ಲೇ ಕುಸಿದು ಕೂತ.

"ನಂಗೆ ಕೇಳಿಸ್ತಿಲ್ಲ ಕಣೇ" ಎಂದ.

ವೆಂಕಟಮ್ಮ ಗುಜರಿಯ ಮಾತನ್ನೇ ಮರೆತಳು. ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದು ಕೂತಳು. ಹಗ್ಗ ಎಳೆಯುವಂತೆ ಕೈಸನ್ನೆ ಮಾಡಿದಳು. ಮೋಟರ್ ಕೆಮ್ಮಿತು. ಅಲ್ಲ ಎಂದು ತಲೆಯಾಡಿಸಿದಳು. ಅವನು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. ಅಲ್ಲ. ಇನ್ನೊಂಚೂರು. ಊಹೂಂ, ಇನ್ನೂ ಅಲ್ಲ. ಮತ್ತೊಂದು ಎಳೆ ತಿರುಗಿಸಿದ್ದೇ ಅವಳು ಗಬಕ್ಕನೆ ಅವನ ಮಣಿಕಟ್ಟು ಹಿಡಿದುಕೊಂಡಳು.

ಮೋಟರ್ ನಿಲ್ಲದೆ ಓಡತೊಡಗಿತು. ಸರಿಹೋಯಿತೋ, ಇಲ್ಲ ಇವಳೇ ಸಮಾಧಾನಕ್ಕೆ ಹಿಡಿದಳೋ? ಅವನು ಅನುಮಾನದಿಂದ ಅವಳ ಮುಖ ನೋಡಿದ. ವೆಂಕಟಮ್ಮ ಏನೋ ಹೇಳಿದಳು, ಅದೂ ಕೇಳಿಸಲಿಲ್ಲ. ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು.

ಸಂಜೀವಪ್ಪ ಬಾಗಿಲಲ್ಲಿ ಇಣುಕಿದ. ಅವಳು ಮುದ್ದೆಗೆ ಎಸರಿಡುತ್ತಿದ್ದಳು.