ಬಸವ್ವನ ಒತ್ತಕ್ಷರ

ನಿನ್ನೆ ಪಕ್ಕದ ಮನೆಯವರು ಮದುವೆಯ ಕರೆಯೋಲೆ ಕೊಟ್ಟು ಹೋದರು. ಅಚ್ಚು ಹಾಕುವಾಗ ಕಾಗದ ಸರಿದಿರಬೇಕು, ಕೊನೆಯ ಸಾಲಿನ ಒತ್ತಕ್ಷರಗಳೆಲ್ಲ ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು. ಬೇರೆ ಯಾರಾದರೂ ಮುಹೂರ್ತ ನೋಡಿ ಫ್ರಿಜ್ಜಿನ ಮೇಲೆ ಇಡುತ್ತಿದ್ದರು. ನಾನು ಅದನ್ನು ಹಿಡಿದುಕೊಂಡು ಅಡುಗೆಮನೆಗೂ ಪಡಸಾಲೆಗೂ ನಾಲ್ಕು ಸಲ ಓಡಾಡಿದೆ. ಇದಕ್ಕೊಂದು ಕಾರಣವಿದೆ, ಹೇಳುತ್ತೇನೆ ಕೇಳಿ.

ಕೂತಲ್ಲಿ ಕೂರಲಾರದ್ದು ನನ್ನ ಹುಟ್ಟುಗುಣ. ಅಂಥವಳಿಗೆ ಸಿಕ್ಕಿದ್ದು, ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಚಿತ್ರಗಳನ್ನು ಹೋಲಿಸುವ ಕೆಲಸ. ನಾವು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಅದರಲ್ಲಿ ಏನಾದರೂ ಬದಲಾದಾಗಲೆಲ್ಲ ಕಂಪ್ಯೂಟರು ಪ್ರತಿ ಪರದೆಯ ಹೊಸ ಚಿತ್ರ ತೆಗೆದು, ಸರಿಯಿದ್ದ ಹಳೆಯ ಚಿತ್ರದೊಂದಿಗೆ ಪಿಕ್ಸೆಲ್ ಪಿಕ್ಸೆಲ್ ತಾಳೆ ನೋಡುತ್ತದೆ. ಒಂದು ಚುಕ್ಕೆ ಆಚೀಚೆಯಾದರೂ ಅಲ್ಲಿ ಕೆಂಪು ಬಳಿಯುತ್ತದೆ. ಅದು ತಪ್ಪೋ, ಬೇಕೆಂದೇ ಮಾಡಿದ ಬದಲಾವಣೆಯೋ ಎಂದು ಹೇಳಬೇಕಾದವಳು ನಾನು. ನಾನು ಒಪ್ಪಿದೆನೆಂದರೆ ಮುಗಿಯಿತು, ಅಂದಿನಿಂದ ಹೊಸ ಚಿತ್ರವೇ ಸರಿಯಾದ ಚಿತ್ರ.

ಕೆಲಸಕ್ಕೆ ಸೇರಿದ ವರ್ಷವೇ ಒಮ್ಮೆ ಫಾಂಟ್ ಬದಲಾಯಿಸಿದರು. ಎಲ್ಲ ಪರದೆಗಳೂ ಕೆಂಪಾದವು. ಮೊದಲ ನಲವತ್ತನ್ನು ಕಣ್ಣಿಟ್ಟು ನೋಡಿದೆ. ಆಮೇಲೆ ಕಾಲು ಕುಣಿಯತೊಡಗಿತು. ಎದ್ದು ನೀರು ಕುಡಿದು ಬಂದೆ, ಮತ್ತೆ ಎದ್ದೆ. ಊಟದ ಹೊತ್ತಿಗೆ ‘ಎಲ್ಲವನ್ನೂ ಒಪ್ಪು’ ಎಂಬ ಗುಂಡಿ ಒತ್ತಿಬಿಟ್ಟೆ. ಕೆಂಪೆಲ್ಲ ಹಸಿರಾಯಿತು. ನಮ್ಮ ತಂಡದ ಹಿರಿಯರಾದ ಪ್ರಹ್ಲಾದ ಸರ್, ಇಷ್ಟು ಲಗೂನ ಮುಗಿಸಿದೆಯಲ್ಲ ಎಂದು ಹೊಗಳಿದರು. ಸುಮ್ಮನೆ ಹೊಗಳಿಸಿಕೊಂಡೆ.

ಧಾರವಾಡದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಹೊಸ ಫಾಂಟಿನ ಸಾಫ್ಟ್‌ವೇರ್ ಹಾಕಿದ ಮೊದಲ ದಿನ, ನೋಡಿಕೊಂಡು ಬರಲು ನನ್ನನ್ನೇ ಕಳಿಸಿದರು. ಅಲ್ಲಿ ಸರದಿ ಬಂದವರ ಹೆಸರು ಗೋಡೆಯ ಪರದೆಯ ಮೇಲೆ ಒಂದೊಂದಾಗಿ ಮೂಡುತ್ತಿತ್ತು. ಪರದೆ ಬಂದ ಮೇಲೆ ಬಾಯಿಂದ ಕೂಗುವುದನ್ನು ಬಿಟ್ಟಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಅಮ್ಮಿನಬಾವಿಯಿಂದ ಮೊದಲ ಬಸ್ಸಿಗೇ ಬಂದ ಅಜ್ಜಿಯೊಬ್ಬರು ಕೂತಿದ್ದರು. ಕಣ್ಣಿಗೆ ಔಷಧಿ ಹನಿ ಬಿಟ್ಟಿದ್ದರಿಂದ ಅವರಿಗೆ ಎಲ್ಲವೂ ಮಬ್ಬು. ಎಮ್ಮೆಯನ್ನು ನೆರೆಮನೆಯವಳಿಗೆ ಒಪ್ಪಿಸಿ ಬಂದಿದ್ದನ್ನೆಲ್ಲ ಹೇಳಿ, ಕೊನೆಗೆ ನನ್ನ ಕೈ ಹಿಡಿದು, “ನನ್ನ ಹೆಸರ ಬಸವ್ವ. ಬಂತಂದ್ರ ಹೇಳವಾ ತಂಗಿ” ಎಂದರು.

ತುಸು ಹೊತ್ತಿಗೆ ಪರದೆ ಟಿಂಗ್ ಎಂದಿತು. ಬಸವ್ವ ಸೆರಗು ಸರಿಮಾಡಿಕೊಂಡು ನನ್ನತ್ತ ತಿರುಗಿದರು.

“ನಿಮ್ದಲ್ರಿ ಅಜ್ಜಿ, ಬಸವ ಅಂತೈತಿ. ಯಾರೋ ಗಂಡಸರದು,” ಎಂದೆ.

ಯಾರೂ ಏಳಲಿಲ್ಲ. ಇನ್ನೊಮ್ಮೆ ಅದೇ ಹೆಸರು ಬಂತು, ಹೋಯಿತು. ಲಲಿತಾ ಎದ್ದರು, ಮಾರುತಿ ಎದ್ದರು. ನಾನು ಕೌಂಟರಿಗೂ ಕುರ್ಚಿಗೂ ಓಡಾಡುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ‘ಕಲಪ’ ಎಂದು ಬಂತು.

ಕಲಪ ಎಂದು ನಮ್ಮ ಕಡೆ ಯಾರೂ ಹೆಸರಿಡುವುದಿಲ್ಲ. ಅದು ಕಲ್ಲಪ್ಪ. ಹೊಸ ಫಾಂಟಿನ ಒತ್ತಕ್ಷರಗಳು ಕೆಳಕ್ಕಿಳಿದು, ಪರದೆಯ ಬುಡದ ಬಣ್ಣದ ಪಟ್ಟಿಯ ಹಿಂದೆ ಮುಚ್ಚಿಹೋಗಿದ್ದವು. ಕೌಂಟರಿಗೆ ಓಡಿ ಬಸವ್ವನ ಬಗ್ಗೆ ಕೇಳಿದೆ. ಎರಡು ಸಲ ಕರೆದರೂ ಬರಲಿಲ್ಲವೆಂದೂ, ಅವರನ್ನು ನೋಡಬೇಕಾದ ಡಾಕ್ಟರು ಆಪರೇಷನ್ನಿಗೆ ಹೋದರೆಂದೂ, ಇನ್ನು ನಾಳೆಯೇ ಎಂದೂ ಹೇಳಿದರು.

ನಾನು ಬಂದು ಬಸವ್ವನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. “ಅಜ್ಜಿ, ಆ ಹೆಸರ ನಿಮ್ದ ಇತ್ರಿ. ತಪ್ಪ ನಂದು.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಔಷಧಿಯ ನೀರೋ ಬೇರೆಯೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಅಂದರು: “ನಂದು ನಾಳಿಗಿ ಆದೀತು ಬಿಡು. ನನ್ನಂಗ ಇನ್ನೂ ಯಾರ‍್ಯಾರು ಕುಂತಾರೋ, ಅವರನ್ನರ ಕರಿ.”

ಕೌಂಟರಿನಿಂದ ಹೆಸರುಗಳ ಪಟ್ಟಿ ಇಸಿದುಕೊಂಡು, ಕಾಯುವ ಕೋಣೆಯ ನಡುವೆ ನಿಂತೆ. ಕಲ್ಲಪ್ಪ, ಯಲ್ಲವ್ವ, ನಿಂಗಪ್ಪ ಎಂದು ಕೂಗಿದೆ. ಒಂದೊಂದು ಹೆಸರಿಗೆ ಒಬ್ಬೊಬ್ಬರು, ಗೋಡೆ ಹಿಡಿದುಕೊಂಡು ಎದ್ದು ಬಂದರು.

ಹೊರಗೆ ನಿಂತು ಪ್ರಹ್ಲಾದ ಸರ್‌ಗೆ ಫೋನ್ ಮಾಡಿದೆ. ಫಾಂಟಿನ ದೋಷವೆಂದರೆ ನಂಬುತ್ತಿದ್ದರು, ನನ್ನ ಕೆಲಸವೂ ಇನ್ನೂ ಕಾಯಂ ಆಗಿರಲಿಲ್ಲ. ಆದರೂ ನೋಡದೆ ಒತ್ತಿದ್ದನ್ನು ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಸಂಜೆಯೊಳಗೆ ಹಳೆಯ ಫಾಂಟ್ ಹಾಕಿಸಿ, ಅಷ್ಟೂ ಚಿತ್ರಗಳನ್ನು ಮೊದಲಿಂದ ನೋಡಲು ಹೇಳಿದರು. ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು.

ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಯ ಬಾಗಿಲಲ್ಲಿದ್ದೆ. ಬಸವ್ವ ಬಂದರು, ಮತ್ತೆ ಹನಿ ಹಾಕಿಸಿಕೊಂಡರು. ಹೆಸರು ಪೂರ್ತಿಯಾಗಿ ಮೂಡಿತು. ಕೈ ಹಿಡಿದು ಒಳಗೆ ಬಿಟ್ಟು ಬಂದೆ.

ಈಗ ಚಿತ್ರಗಳಲ್ಲಿ ಬರುವ ಹೆಸರುಗಳನ್ನು ನಾನು ಗಟ್ಟಿಯಾಗಿ ಓದದೆ ಒಪ್ಪುವುದಿಲ್ಲ. ಆಫೀಸಿನವರು ನಗುತ್ತಾರೆ, ನಗಲಿ. ಇವತ್ತು ಬೆಳಿಗ್ಗೆ “ಶಾಂತವ್ವ” ಎಂದು ಓದುತ್ತಿದ್ದಂತೆ, ನಮ್ಮಲ್ಲಿ ಕಸ ಗುಡಿಸುವ ಶಾಂತವ್ವ ಪೊರಕೆ ಹಿಡಿದೇ ಬಾಗಿಲಲ್ಲಿ ಬಂದು ನಿಂತರು.

“ಕರದ್ರೇನ್ರಿ?”

“ಹೌದ್ರಿ, ಬರ‍್ರಿ,” ಎಂದು ಪಕ್ಕದ ಕುರ್ಚಿ ಎಳೆದೆ. “ನಿಮ್ಮ ಹೆಸರ ಇದರಾಗ ನೆಟ್ಟಗ ಐತೇನು ನೋಡ್ರಿ.”

ಅವರು ಪೊರಕೆಯನ್ನು ಗೋಡೆಗೆ ಒರಗಿಸಿ, ಕೂತು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ಮುಗಿಯುವವರೆಗೆ ನಾನು ಅಲುಗಾಡದೆ ಕಾದೆ.