ಮನೆಯವರು ಕೇಳಬಾರದ ಪದ

ಒಂದೇ ಕೋಣೆಯಲ್ಲಿ ಇರುವ ಗೆಳತಿ ಇದ್ದಕ್ಕಿದ್ದಂತೆ ಫೋನನ್ನು ಮಕಾಡೆ ಇಡಲು ಶುರು ಮಾಡಿದರೆ ಏನೋ ಇದೆ ಎಂದೇ ಅರ್ಥ. ನನ್ನ ಅನುಮಾನ ಹುಟ್ಟಿದ್ದೇ ಅಲ್ಲಿ. ಅದಕ್ಕೂ ಮೊದಲು ಆ ಫೋನು ಹೆಚ್ಚುಕಡಿಮೆ ಇಬ್ಬರದೂ ಆಗಿತ್ತು. ಅವಳು ಸ್ನಾನಕ್ಕೆ ಹೋದಾಗ ಕರೆ ಬಂದರೆ ನಾನೇ ಎತ್ತಿ ಅವಳ ತಾಯಿಯ ಜೊತೆ ಹರಟುತ್ತಿದ್ದೆ.

ಬೀದರಿನ ಕಾಳುಕಡಿಯ ಪೇಟೆ ಗಾಂಧಿ ಗಂಜಿನ ಹಿಂದಿನ ಗಲ್ಲಿಯಲ್ಲಿ ನಮ್ಮ ರೂಮು. ಕಿಟಕಿ ತೆರೆದರೆ ತೊಗರಿಯ ಧೂಳು, ಮುಚ್ಚಿದರೆ ಸೆಖೆ. ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಅವಳು ಭಾಲ್ಕಿಯವಳು, ಆಸ್ಪತ್ರೆಯಲ್ಲಿ ನರ್ಸು. ಇಬ್ಬರ ತಲೆಯಲ್ಲೂ ಒಂದೇ ಹುಳ ಹೊಕ್ಕಿತ್ತು. ನಮ್ಮ ಕಡೆಯ ಹೆಂಗಸರ ಬೀಸುವ ಪದಗಳನ್ನು, ಎಂದರೆ ಬೀಸುಕಲ್ಲಿನ ಹಾಡುಗಳನ್ನು, ರೆಕಾರ್ಡ್ ಮಾಡಿ, ನಡುನಡುವೆ ಮಾತು ಸೇರಿಸಿ, ಜನ ಫೋನಿನಲ್ಲೇ ಕೇಳುವಂಥ ಒಂದು ಕಾರ್ಯಕ್ರಮ ಮಾಡಬೇಕು. ಮಾತು ಬರೆಯುವುದು ನಾನು, ಧ್ವನಿಯ ಕೆಲಸವೆಲ್ಲ ಅವಳದು. ಇಬ್ಬರ ಹೆಸರೂ ಇರಬೇಕೆಂದು ಮೊದಲೇ ಮಾತಾಗಿತ್ತು.

ಹಾಡುವವರಲ್ಲಿ ಮುಖ್ಯ ನನ್ನ ಅಪ್ಪನ ತಾಯಿ. ನಾವು ಆಯಿ ಅನ್ನುತ್ತೇವೆ. ಅಪ್ಪ ಅವ್ವನ ಜೊತೆ ಔರಾದ ತಾಲ್ಲೂಕಿನ ಎಕಂಬಾದಲ್ಲಿ ಇದ್ದಾಳೆ. ಸುಮ್ಮನೆ ಕುರ್ಚಿಯ ಮೇಲೆ ಕೂರಿಸಿ ಹಾಡು ಎಂದರೆ ಅವಳಿಗೆ ಒಂದು ನುಡಿಯೂ ನೆನಪಾಗುವುದಿಲ್ಲ. ಬೀಸುವ ಕಲ್ಲಿನ ಗೂಟ ಕೈಗೆ ಬರಬೇಕು, ಕಲ್ಲಿನ ಬಾಯಿಗೆ ಒಂದು ಮುಷ್ಟಿ ಜೋಳ ಬೀಳಬೇಕು, ಕೈ ತಿರುಗಬೇಕು. ಆಗ ಪದ ತಾನಾಗಿ ಬರುತ್ತದೆ. ಕಲ್ಲಿನ ಅಂಚು ಒಂದು ಕಡೆ ಒಡೆದಿದ್ದರಿಂದ ಸುತ್ತಿಗೊಮ್ಮೆ ಟಕ್ ಎನ್ನುತ್ತದೆ. ರೆಕಾರ್ಡಿಂಗ್ ಕೆಡುತ್ತದೆಂದು ನನ್ನ ಗೆಳತಿಗೆ ಅದೊಂದು ಗೋಳು. ಅಣ್ಣನ ಪದ, ತವರಿನ ಪದ, ಬಸವಣ್ಣನ ಪದ ಎಲ್ಲ ಹಾಡಿದ ಆಯಿ ಅತ್ತೆಮನೆಯ ಪದ ಕೇಳಿದರೆ ಮಾತ್ರ ಗೂಟ ಬಿಟ್ಟು ಏಳುತ್ತಿದ್ದಳು. "ಅದು ನನಗ ಬರಂಗಿಲ್ಲ" ಅನ್ನುವಳು. ಅದಿಲ್ಲದೆ ನಮ್ಮ ಕಾರ್ಯಕ್ರಮ ಉಪ್ಪಿಲ್ಲದ ಸಾರು.

ಫೋನು ಮಕಾಡೆ ಮಲಗಿದ ಮೇಲೆ ಅದರ ಲಾಕೂ ಬದಲಾಯಿತು. ರವಿವಾರ ಬಂತೆಂದರೆ "ಭಾಲ್ಕಿಗೆ ಹೋಗ್ತೇನಿ" ಎಂದು ಹೊರಡುವಳು. ಅಂಥ ಒಂದು ರವಿವಾರ ಅವಳ ತಾಯಿ ನನಗೆ ಫೋನ್ ಮಾಡಿದರು. "ಆಕಿ ಫೋನ್ ಹತ್ತವಲ್ದು ನೋಡವ್ವ. ಮನಿ ಕಡಿ ಬರದ ಬಾಳ ದಿನ ಆತು. ಡ್ಯೂಟಿ ಮ್ಯಾಲ ಅದಾಳೇನು?" ನಾನು "ಹೂನ್ರಿ" ಎಂದು ಸುಳ್ಳು ಹೇಳಿದೆ.

ಆ ವಾರವೇ ಸಿಕ್ಕಿಬಿದ್ದಳು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿದ್ದವಳ ವೈರು ನೀರಿನ ಕೊಡಕ್ಕೆ ಸಿಕ್ಕಿ ಕಿತ್ತು ಬಂತು. ಫೋನಿನಿಂದ ಕಲ್ಲು ತಿರುಗುವ ಸದ್ದು, ಟಕ್, ಆಯಿಯ ದನಿ, ನಾನೆಂದೂ ಕೇಳದ ಒಂದು ಧಾಟಿ. ಅವಳು ತಟ್ಟನೆ ಬಂದ್ ಮಾಡಿದಳು.

"ಎಕಂಬಾಕ್ಕ ಹೋಗಿದ್ದಿ."

"ಹೂಂ."

"ನನಗ ಹೇಳದ. ನಮ್ಮ ಆಯಿ ಪದ ನಿನ್ನ ಒಬ್ಬಾಕಿ ಹೆಸರಿಗೆ ಹಾಕೋಬೇಕಂತ ಮಾಡೀಯೇನು?"

"ಹೆಸರು ಬೇಕಾದರ ನೀನೇ ಇಟ್ಕೋ. ಕೇಳಸು ಅಂತ ಮಾತ್ರ ಅನಬ್ಯಾಡ. ಮಾತ ಕೊಟ್ಟೀನಿ."

ಹೆಸರು ಬಿಟ್ಟುಕೊಡುವ ಕಳ್ಳಿಯನ್ನು ನಾನು ಕಂಡಿರಲಿಲ್ಲ. ಇದರ ಹಿಂದೆ ಇನ್ನೂ ದೊಡ್ಡದೇನೋ ಇರಬೇಕೆಂದು ಅನಿಸಿತು. ಒಲೆ ಒಂದೇ ಇದ್ದರೂ ಅಡಿಗೆ ಬೇರೆಯಾಯಿತು. ಮುಂದಿನ ರಜೆಗೆ ನಾನು ಔರಾದ ಬಸ್ಸು ಹತ್ತಿದೆ.

ಆಯಿ ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದಳು. ಕೇಳಿದರೆ ಒಂದಿಷ್ಟೂ ಅಳುಕಲಿಲ್ಲ.

"ಹಾಡೀನಿ, ನಿಮ್ಮಪ್ಪ ಅವ್ವ ಹೊಲಕ್ಕ ಹೋದಾಗ. ಏನಾತು?"

"ನನಗ ಬರಂಗಿಲ್ಲ ಅಂದಿದ್ದಿ."

"ನಿನ್ನ ಮುಂದ ಬರಂಗಿಲ್ಲ." ಆಯಿ ಮೊರ ಕೆಳಗಿಟ್ಟಳು. "ಅತ್ತಿಮನಿ ಪದ ಮನಿಯವರ ಮುಂದ ಯಾರು ಹಾಡ್ತಾರ? ಜೋಡಿ ಬೀಸಾಕ ಬಂದ ಬಾಜೂಮನಿ ಹೆಂಗಸಿನ ಮುಂದ ಹಾಡತಿದ್ದೆವು. ನಮ್ಮತ್ತಿ ಹೊಸ್ತಿಲಾಗ ಕಾಲಿಟ್ಟರ ಬಸವಣ್ಣನ ಪದ ತಗೀತಿದ್ದೆವು. ನೀ ಈ ಮನಿ ಕೂಸು. ನಿನ್ನ ಮುಂದ ಹಾಡಿದರ ಅದು ಮನಿ ಮಾತಾಗ್ತದ. ಯಾರು ಬಡದರು, ಯಾರು ನೋಡಕೋತ ನಿಂತರು ಅಂತ ಹುಡಕ್ಕೋತ ಕೂಡ್ತಿ. ಆಕಿಗೆ ಅದು ಬರೇ ಹಾಡು."

"ಮತ್ತ ಕಾರ್ಯಕ್ರಮಕ್ಕ ಹಾಕಿದರ ಎಲ್ಲಾರೂ ಕೇಳ್ತಾರಲ್ಲ."

"ಊರೆಲ್ಲ ಕೇಳಲಿ. ನನ್ನ ಹೆಸರು ಬ್ಯಾಡ. ನೀ ಕೇಳಬ್ಯಾಡ. ನಿಮ್ಮಪ್ಪನೂ ಕೇಳಬಾರದು."

ಹಿಂತಿರುಗಿ ಬಂದು ಗೆಳತಿಯ ಎದುರು ಕೂತೆ. ನಾನು ತಪ್ಪು ತಿಳಿದಿದ್ದೆ ಎಂದೆ, ಅವಳು ಇರಲಿ ಬಿಡು ಎಂದಳು, ಅಡಿಗೆ ಮತ್ತೆ ಒಂದಾಯಿತು. ಕೇಳದ ಹಾಡಿಗೆ ಮುನ್ನುಡಿಯ ಮಾತೂ ಬರೆದುಕೊಟ್ಟೆ. ಆದರೆ ನನ್ನ ಅನುಮಾನ ಹೋಗಲಿಲ್ಲ, ದಿಕ್ಕು ಬದಲಾಯಿಸಿತು ಅಷ್ಟೇ. ನನ್ನ ಮನೆಯ ಬಗ್ಗೆ ನನಗಿಂತ ಹೆಚ್ಚು ಬಲ್ಲವಳ ಪಕ್ಕದಲ್ಲಿ ದಿನಾ ಮಲಗುವುದು ಸುಲಭವಲ್ಲ. ನಾನು ಊರಿಗೆ ಫೋನ್ ಮಾಡಿ ಮುಗಿಸಿದಾಗ ಅವಳು "ಅಪ್ಪಾಜಿ ಆರಾಮ ಅದಾರೇನು?" ಎಂದು ಕೇಳುವಳು. ಮೊದಲೂ ಕೇಳುತ್ತಿದ್ದ ಮಾತೇ. ಈಗ ಅವಳು ಕೇಳಿದ ಧಾಟಿಯನ್ನು ನಾನು ಮನಸ್ಸಿನಲ್ಲೇ ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದೆ. ಬಡಿದವರು ಅಜ್ಜ ಇರಬಹುದು. ನೋಡುತ್ತಾ ನಿಂತವರು ಯಾರು? ನಮ್ಮ ಅವ್ವನೂ ಅದೇ ಮನೆಗೆ ಸೊಸೆಯಾಗಿ ಬಂದವಳು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ಅದರಾಗ ನಮ್ಮವ್ವನ ಸುದ್ದಿ ಅದ ಏನು?" ಅವಳು ಹಿಟ್ಟಿನ ಇನ್ನೊಂದು ಉಂಡೆ ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದಳು.

ಕಾರ್ಯಕ್ರಮ ಹೊರಬಂತು. ನಾವು ಎಣಿಸಿದ್ದಕ್ಕಿಂತ ಹೆಚ್ಚು ಜನ ಕೇಳಿದರು. ಶಾಲೆಯ ಟೀಚರೊಬ್ಬರು ಆ ಒಂದು ಹಾಡು ಕೇಳಿ ಕಣ್ಣೀರು ಬಂತು ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಮತ್ತೇನು ಹೇಳಲಿ?

ಕೆಲವು ದಿನಗಳ ಮೇಲೆ ಅಪ್ಪನ ಫೋನ್ ಬಂತು. ಸಂತೆಗೆಂದು ಔರಾದಕ್ಕೆ ಹೋಗಿದ್ದರಂತೆ, ಚಹಾದ ಹೋಟೆಲಿನಲ್ಲಿ ಯಾರೋ ಫೋನಿನಲ್ಲಿ ಆ ಹಾಡು ಹಚ್ಚಿದ್ದರಂತೆ. ಹೆಸರಿಲ್ಲದಿದ್ದರೇನು, ಹೆತ್ತ ತಾಯಿಯ ದನಿ.

"ನೀ ಕೇಳೀಯೇನು ಅದನ್ನ?" ಎಂದರು.

"ಇಲ್ಲಪ್ಪ."

"ಮಾತು ನೀ ಬರದೀ ಅಂತ ಅದರಾಗೇ ಹೇಳ್ಯಾರ."

"ಬರದೀನಿ. ಹಾಡು ಕೇಳಿಲ್ಲ."

"ಕೇಳದ ಹ್ಯಾಂಗ ಬರೀತಾರ?"

ಆಯಿಯ ಕರಾರನ್ನೆಲ್ಲ ಬಿಡಿಸಿ ಹೇಳಿದೆ. ಅಪ್ಪ ಕೊನೆಯವರೆಗೂ ಕೇಳಿಸಿಕೊಂಡು, ಆಯ್ತು ಎಂದು ಫೋನ್ ಇಟ್ಟುಬಿಟ್ಟರು. ನಂಬಲಿಲ್ಲ, ಇಂದಿಗೂ ನಂಬಿಲ್ಲ. ಆ ಪದದಲ್ಲಿ ಏನಿದೆಯೆಂದು ನನಗೆ ಈಗಲೂ ಗೊತ್ತಿಲ್ಲ. ನನಗೆ ಎಲ್ಲವೂ ಗೊತ್ತಿದೆ ಎಂದುಕೊಂಡಿರುವ ಅಪ್ಪ, ಮೊದಲು ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವರು, ಈಗ ನಾನು ಊರಿಗೆ ಹೋದಾಗಲೆಲ್ಲ ತಾಟು ಎತ್ತಿಕೊಂಡು ಅಂಗಳಕ್ಕೆ ಹೋಗಿ ಒಬ್ಬರೇ ಉಣ್ಣುತ್ತಾರೆ.